ಓದುಗರ ಸ್ಪಂದನ: ಜನವರಿಯ ಸಂಕಲ್ಪ ಜಾತ್ರೆ ತನಕವೂ ಬಾಳೋದಿಲ್ಲ

ಹಿಂದಿನ ಸಂಚಿಕೆಯ ಸಮಸ್ಯೆ:

ಕಲಬುರಗಿಯಲ್ಲಿ ಖಾಸಗಿ ಶಾಲೆಯ ಟೀಚರ್ ನಾನು. ಪಗಾರ 12,000. ಮನೆಯವರು ಆಟೊ ಓಡಿಸುತ್ತಾರೆ. ಗ್ಯಾಸು, ರಿಪೇರಿ ಕಳೆದು ದಿನಕ್ಕೆ 400–500 ಉಳಿದರೆ ಅದೇ ದೊಡ್ಡದು. ಮನೆ ಬಾಡಿಗೆ 5,000. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಪ್ರತಿ ಜನವರಿ 1ಕ್ಕೆ ಸಂಕಲ್ಪ ಮಾಡುತ್ತೇನೆ: ತಿಂಗಳಿಗೆ 2,000 ಉಳಿಸಬೇಕು, ಬೆಳಿಗ್ಗೆ ಅಪ್ಪನ ಕೆರೆಗೆ ವಾಕಿಂಗ್ ಹೋಗಬೇಕು (ಶುಗರ್ ಗಡಿಯಲ್ಲಿದೆ), ಕಿರಾಣಿ ಉದ್ರಿ ನಿಲ್ಲಿಸಬೇಕು, ಮನೆಯವರು ಗುಟ್ಕಾ ಬಿಡಬೇಕು. ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರ ಜಾತ್ರೆ ಬರುವಷ್ಟರಲ್ಲಿ ಒಂದೂ ಉಳಿದಿರೋದಿಲ್ಲ. ಯುಗಾದಿಗೆ ಮತ್ತೆ ಶುರು, ಮತ್ತೆ ಅದೇ ಕತೆ. ನನ್ನ ಮನಸ್ಸೇ ಗಟ್ಟಿ ಇಲ್ಲವೇ?

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ಮನಸ್ಸು ಗಟ್ಟಿ ಇಲ್ಲ ಅನ್ನೋ ಮಾತು ಮೊದಲು ಬಿಡಿ. ಇಷ್ಟು ದುಡಿಮೆಯಲ್ಲಿ ಐದು ಜನರ ಮನೆ ನಡೆಸುವವರು ಆ ಮಾತು ಆಡಬಾರದು. ನನಗೆ ಕಾಣೋದು ಬೇರೆ ಲೆಕ್ಕ.

ನಮ್ಮ ಮನೆಯಲ್ಲಿ ಅಡುಗೆಮನೆಯ ಕ್ಯಾಲೆಂಡರ್ ಮೇಲೇ ಎಲ್ಲ ಬರೆಯುತ್ತೇವೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಯಾರ ಮದುವೆಗೆ ಎಷ್ಟು ಆಯೇರಿ (ಉಡುಗೊರೆ) ಮಾಡಿದೆವು, ಎಲ್ಲ. ವರ್ಷ ಮುಗಿದ ಮೇಲೆ ಅದನ್ನು ರದ್ದಿಗೆ ಹಾಕೋದಿಲ್ಲ. ನಿಮ್ಮ ಪತ್ರ ಓದಿ ಹೋದ ವರ್ಷದ್ದನ್ನು ತೆಗೆದು ಕೂತೆ. ನಿಮ್ಮಂಥ ಮನೆಗೆ ಅಂದಾಜು ಹಾಕಿದರೆ ಹೀಗಾಗುತ್ತದೆ. ಜೂನ್‌ನಲ್ಲಿ ಇಬ್ಬರು ಮಕ್ಕಳ ಪುಸ್ತಕ, ಯೂನಿಫಾರ್ಮ್, ಬೂಟು, ಫೀಜಿನ ಮೊದಲ ಕಂತು ಸೇರಿ 9,000. ಜಾತ್ರೆಗೆ 1,500. ಪಂಚಮಿಗೆ ನಾದಿನಿ ಬಂದರೆ ಸೀರೆ, ಉಂಡಿ, ಹೋಗಿಬರೋದು 2,500. ದೀಪಾವಳಿ ಬಟ್ಟೆ 5,000. ಮದುವೆ, ಕುಬಸ, ತೊಟ್ಟಿಲು, ಮನೆ ಶಾಂತಿ ಎಲ್ಲ ಸೇರಿ ಆಯೇರಿಗೆ 6,000. ಒಟ್ಟು 24,000. ತಿಂಗಳಿಗೆ ಎಷ್ಟಾಯಿತು? ಸರಿಯಾಗಿ 2,000.

ಅಂದರೆ ನೀವು ಉಳಿಸಬೇಕು ಅಂದುಕೊಂಡ ದುಡ್ಡು ಎಲ್ಲೂ ಪೋಲಾಗಿಲ್ಲ. ಅದು ಮೊದಲೇ ಬೇರೆಯವರ ಹೆಸರಿಗೆ ಬರೆದಿಟ್ಟ ದುಡ್ಡು. ಜಾತ್ರೆ ಬಂದಾಗ ಉಳಿತಾಯದ ಡಬ್ಬಿಯಿಂದ ತೆಗೆದರೆ ಸಂಕಲ್ಪ ಮುರಿಯಿತು ಅಂತ ಅನ್ನಿಸುತ್ತದೆ, ಆಮೇಲೆ ಕೈ ಬಿಟ್ಟುಬಿಡುತ್ತೀರಿ. ಜಾತ್ರೆ ಪ್ರತಿ ವರ್ಷ ಬರುತ್ತದೆ, ಜೂನ್ ಕೂಡ. ಅದೇನು ನೆತ್ತಿ ಮೇಲೆ ಬಿದ್ದ ಕಲ್ಲಲ್ಲ ಅಲ್ವಾ.

ಅದಕ್ಕೆ ಈ 2,000ಕ್ಕೆ ಉಳಿತಾಯ ಅನ್ನಬೇಡಿ, ವರ್ಷದ ಖರ್ಚು ಅನ್ನಿ. ಬೇರೆ ಖಾತೆಯಲ್ಲಿಡಿ. ಅದರಲ್ಲಿಂದ ಜಾತ್ರೆಗೆ, ಜೂನ್‌ಗೆ ತೆಗೆದರೆ ಬೇಜಾರು ಮಾಡಿಕೊಳ್ಳಬೇಡಿ, ಇಟ್ಟದ್ದೇ ಅದಕ್ಕೆ. ನಿಜವಾದ ಉಳಿತಾಯ ಅಂತ ಇನ್ನೊಂದು 200–300 ಇದ್ದರೆ ಸಾಕು. ಅಷ್ಟೂ ಆಗದಿದ್ದರೆ ಈ ವರ್ಷ ಬೇಡ.

ಆಯೇರಿ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಸೋರೋದು ಇಲ್ಲೇ. ಅವರು ನಮಗೆ 500 ಮಾಡಿದ್ದರು, ನಾವು 501 ಆದರೂ ಮಾಡಬೇಕು ಅಂತ ಏರಿಸುತ್ತಾ ಹೋಗುತ್ತೇವೆ. ಬೀರು ತೆಗೆದು ನೋಡಿ, ಯಾರೂ ಉಡದ ಆಯೇರಿ ಸೀರೆಗಳು ಇದ್ದೇ ಇರುತ್ತವೆ, ಫಾಲ್ಸ್ ಕೂಡ ಹಚ್ಚಿರೋದಿಲ್ಲ. ಒಂದು ಮನೆಯಿಂದ ಬಂದ ಸೀರೆ ನಾಲ್ಕು ಮನೆ ತಿರುಗಿ ಅದೇ ಮನೆಗೆ ವಾಪಸ್ ಬಂದದ್ದನ್ನೂ ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ರಕ್ತ ಸಂಬಂಧಕ್ಕೆ ಒಂದು ಮೊತ್ತ, ಉಳಿದವರಿಗೆ ಒಂದು ಮೊತ್ತ. ವರ್ಷದ ಶುರುವಿಗೇ ಅತ್ತೆಯವರನ್ನು ಕೂರಿಸಿಕೊಂಡು ನಿಗದಿ ಮಾಡಿ. ಅವರನ್ನು ಬಿಟ್ಟು ಮಾಡಿದರೆ ನಡೆಯೋದಿಲ್ಲ. ಆಯೇರಿ ಲೆಕ್ಕ ಅವರ ತಲೆಯಲ್ಲೇ ಇರುತ್ತದೆ.

ಇನ್ನೊಂದು. ಹೊಸ ತೊಗರಿ ಗಂಜ್‌ಗೆ ಬರೋದು ಜನವರಿ ಆಸುಪಾಸು, ಹಿಂಗಾರಿ ಬಿಳಿ ಜೋಳ ಫೆಬ್ರವರಿ-ಮಾರ್ಚ್‌ನಲ್ಲಿ. ಆಗ ಜೋಳ ಒಂದು ಚೀಲ, ಬ್ಯಾಳಿ ಆರು ತಿಂಗಳಿಗಾಗುವಷ್ಟು ತಂದರೆ ತಿಂಗಳ ಕಿರಾಣಿ ಇಳಿಯುತ್ತದೆ. ಒಬ್ಬರಿಗೆ ಆಗದಿದ್ದರೆ ಇಬ್ಬರು ಟೀಚರ್‌ಗಳು ಸೇರಿ ತನ್ನಿ. ಜೋಳ ಚೆನ್ನಾಗಿ ಒಣಗಿಸಿ, ನಡುನಡುವೆ ಬೇವಿನ ಎಲೆ ಹಾಕಿಟ್ಟರೆ ಹುಳ ಬೀಳೋದು ಕಡಿಮೆ. ನಮ್ಮ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ (ಈ ನೆಲದ್ದೇ ಬೆಳೆ ಅನ್ನೋ ಗುರುತು) ಮಾನ್ಯತೆ ಸಿಕ್ಕಿತು ಅಂತ ಎಲ್ಲರಿಗೂ ಹೆಮ್ಮೆ. ಕಿಲೊ ಲೆಕ್ಕದಲ್ಲಿ ಕೊಳ್ಳಲು ಹೋದಾಗ ಹೆಮ್ಮೆ ಸ್ವಲ್ಪ ಇಳಿಯುತ್ತದೆ, ಅಷ್ಟೇ.

— ಗೃಹಿಣಿ, ಸೇಡಂ

ಅಕ್ಕೋರೆ, ನಾನೂ ಆಟೊದವನೇ. ನಿಮ್ಮ ಮನೆಯವರ ಪರವಾಗಿ ಎರಡು ಮಾತು.

ನಿಮಗೆ ತಿಂಗಳಿಗೊಮ್ಮೆ ಪಗಾರ. ನಮಗೆ ದಿನಾ ಪಗಾರ. ತಿಂಗಳಿಗೆ ಇಷ್ಟು ಕೊಡಿ ಅಂತ ಕೇಳಿದರೆ ನಮ್ಮ ಕೈಯಲ್ಲಿ ಯಾವತ್ತೂ ಇರೋದಿಲ್ಲ. ಬೋಣಿ ದುಡ್ಡು ಮುಟ್ಟಬಾರದು ಅಂತ ಒಂದು ನೇಮ ಮಾಡಿಕೊಳ್ಳಲಿ. ಬೆಳಿಗ್ಗೆ ಮೊದಲ ಸವಾರಿ 40 ಕೊಡಲಿ, 60 ಕೊಡಲಿ, ಅದು ಬೇರೆ ಜೇಬಿಗೆ. ನಾನು ಅದನ್ನು ಪಿಗ್ಮಿಗೆ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿಗೆ, ಕಟ್ಟುತ್ತೇನೆ. ಏಜೆಂಟ್ ಸ್ಟ್ಯಾಂಡಿಗೇ ಬರುತ್ತಾನೆ, ಮಷಿನ್‌ನಿಂದ ಚೀಟಿ ಹರಿದು ಕೊಡುತ್ತಾನೆ. ದಿನದ ದುಡಿಮೆಯವರಿಗೆ ಅಂತಲೇ 1928ರಲ್ಲಿ ನಮ್ಮ ರಾಜ್ಯದ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪದ್ಧತಿ ಅದು, ಆಗ ದಿನಕ್ಕೆ ಎರಡಾಣೆ. ಎಲ್ಲಿ ಕಟ್ಟುತ್ತೀರಿ ಅನ್ನೋದು ಮಾತ್ರ ನೋಡಿಕೊಳ್ಳಿ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕ್ ಆದರೂ, 5 ಲಕ್ಷದವರೆಗೆ ಠೇವಣಿಗೆ ವಿಮೆ ಇರುತ್ತದೆ. ಪತ್ತಿನ ಸೊಸೈಟಿಗಳಿಗೆ ಆ ವಿಮೆ ಇಲ್ಲ. ನಮ್ಮ ಸ್ಟ್ಯಾಂಡಿನ ಹುಡುಗರು ಒಂದು ಕಡೆ ಕಟ್ಟಿ, ಅದರ ಬಾಗಿಲು ಮುಚ್ಚಿದ ಮೇಲೆ ಅಲೆದದ್ದು ಅಲೆದದ್ದೇ. ವರ್ಷ ತುಂಬುವ ಮೊದಲೇ ತೆಗೆದರೆ ಕಮಿಷನ್ ಕಡಿಯುತ್ತಾರೆ, ಅದನ್ನೂ ಮೊದಲೇ ಕೇಳಿಕೊಳ್ಳಿ. ಆ ದುಡ್ಡು ಆಟೊದ ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಟೈರ್‌ಗೆ ಅಂತಲೇ ಇರಲಿ. ಅವು ಬಂದಾಗಲೇ ನಾವು ನಿಮ್ಮ ಪಗಾರಕ್ಕೆ ಕೈ ಹಾಕೋದು.

ಶಕ್ತಿ ಯೋಜನೆ ಬಂದ ಮೇಲೆ ಸವಾರಿ ಕಡಿಮೆ ಆಯಿತು ಅಂತ ಸ್ಟ್ಯಾಂಡಿನಲ್ಲಿ ನಾವೆಲ್ಲ ಗೊಣಗುತ್ತೇವೆ. ಅದೇ ಬಸ್ಸಿನಲ್ಲಿ ನನ್ನ ಹೆಂಡತಿ ಪುಕ್ಕಟೆ ತವರಿಗೆ ಹೋಗಿಬರುತ್ತಾಳೆ. ಎರಡೂ ನಿಜ.

ಇನ್ನು ಗುಟ್ಕಾ. ನಮ್ಮ ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧ. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಒಂದು ಪಾಕೀಟು ತಗೊಂಡು ಅಂಗೈಯಲ್ಲೇ ಕಲಸೋದು. ದಿನಕ್ಕೆ 40 ಅಂದರೂ ತಿಂಗಳಿಗೆ 1,200. ಆದರೆ ಅಕ್ಕೋರೆ, ನಿಮ್ಮ ಸಂಕಲ್ಪದ ಪಟ್ಟಿಯಲ್ಲಿ ಅವರ ಚಟ ಬರೆದರೆ ಹೇಗೆ ನಡೆಯುತ್ತದೆ? ಹೆಂಡತಿ ಬಿಡು ಅಂದರೆ ಗಂಡಸರು ಕದ್ದು ತಿನ್ನುತ್ತಾರೆ. ಬಿಡುವ ದಿನ ಅವರೇ ಹೇಳಲಿ. ಮಧ್ಯಾಹ್ನ ಊಟ ತಪ್ಪಿಸಿದಾಗಲೇ ಜಾಸ್ತಿ ಬೇಕಾಗೋದು, ಅದಕ್ಕೆ ಡಬ್ಬಿಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಿ, ಜೇಬಿಗೆ ಲವಂಗ ಹಾಕಿ. ತಂಬಾಕು ಪಾಕೀಟಿನ ಮೇಲೇ 1800-11-2356 ಅಂತ ಒಂದು ನಂಬರ್ ಅಚ್ಚಾಗಿರುತ್ತದೆ. ಫೋನ್ ಮಾಡಿದರೆ ದುಡ್ಡು ಹೋಗೋದಿಲ್ಲ, ಬಿಡಲು ಸಹಾಯ ಮಾಡುತ್ತಾರೆ. ದಿನಾ ಹರಿಯುವ ಪಾಕೀಟು, ಆ ನಂಬರ್ ಓದಿದವರು ಕಡಿಮೆ.

— ಆಟೊ ಚಾಲಕ, ಶಹಾಬಾದ್

ಉಳಿಸಿ ಉಳಿಸಿ ಅಂತ ಎಲ್ಲರೂ ಹೇಳುತ್ತಾರೆ. 12,000ದಲ್ಲಿ ಏನು ಉಳಿಸೋದು ರೀ? ನೀವು ಟೀಚರ್. ಸಂಜೆ ಮನೆಯಲ್ಲೇ ಎಂಟು ಮಕ್ಕಳಿಗೆ ಟ್ಯೂಷನ್ ಹೇಳಿ, ತಲೆಗೆ 300 ತಗೊಂಡರೂ 2,400 ಬಂತು. ಖರ್ಚು ಕಡಿಮೆ ಮಾಡುವುದಕ್ಕೆ ಒಂದು ಮಿತಿ ಇದೆ. ಹೊಟ್ಟೆ ಕಟ್ಟಿ ಸಂಕಲ್ಪ ಮಾಡಿದರೆ ಅದು ಮುರಿಯಲೇಬೇಕು, ಮುರಿದದ್ದು ಒಳ್ಳೆಯದೇ ಆಯಿತು.

— ಯಾದಗಿರಿಯಿಂದ ಒಬ್ಬ ಓದುಗ

ಬೀದರ್ ಜಿಲ್ಲೆಯಲ್ಲಿ ಮಹಿಳಾ ಸಂಘ ಹೊಸದಲ್ಲ. ನಮ್ಮ ಡಿಸಿಸಿ ಬ್ಯಾಂಕ್ ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದರಲ್ಲಿ ಮೊದಲಿನಿಂದಲೂ ಹೆಸರು ಮಾಡಿದೆ. ಸಂಘ ಅಂದರೆ ಸಾಲ ಅಂತಲೇ ಎಲ್ಲರಿಗೂ ಗೊತ್ತು. ಆದರೆ ಅದರ ನಿಜವಾದ ಉಪಯೋಗ ವಾರದ ಸಭೆ. ಹಾಸಿದ ಜಮಖಾನೆ ಮೇಲೆ ಹತ್ತು-ಹದಿನೈದು ಹೆಂಗಸರು ಕೂತಿರುವಾಗ ಪುಸ್ತಕ ಬರೆಯುವವಳು ನಿಮ್ಮ ಹೆಸರು ಕೂಗಿ ಪೆನ್ನು ಹಿಡಿದು ಕಾಯುತ್ತಾಳೆ. ಆಗ 50 ರೂಪಾಯಿ ಇಲ್ಲ ಅನ್ನಲು ಬಾಯಿ ಬರೋದಿಲ್ಲ. ಡಬ್ಬಿಗೆ ಆ ನಾಚಿಕೆ ಇರೋದಿಲ್ಲ ಅಕ್ಕಾ. ನಿಮ್ಮ ಶಾಲೆಯಲ್ಲೇ ಟೀಚರ್‌ಗಳು, ಆಯಾ ಎಲ್ಲ ಸೇರಿ ಮಾಡಿಕೊಳ್ಳಬಹುದು.

ಭಿಶಿ (ಚೀಟಿ ಹಾಕೋದು) ಬೇರೆ, ಸಂಘ ಬೇರೆ. ಭಿಶಿ ಎತ್ತಿದ ಮೇಲೆ ಊರು ಬಿಟ್ಟವರ ಕತೆ ಪ್ರತಿ ಓಣಿಯಲ್ಲೂ ಇದೆ. ಹಾಗೆಯೇ ಉಳಿತಾಯ ಆಗಲಿಲ್ಲ ಅಂತ ಗುಂಪು ಸಾಲಕ್ಕೆ ಕೈ ಹಾಕಬೇಡಿ. ಮೈಕ್ರೊಫೈನಾನ್ಸ್‌ನವರು ಮನೆಗೇ ಬಂದು ಕೊಡುತ್ತಾರೆ, ಒಂದರ ಕಂತು ಕಟ್ಟಲು ಇನ್ನೊಂದು ತೆಗೆಸುತ್ತಾರೆ. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತು ಬೀಳಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ನನ್ನ ಕೇಳಿದರೆ ಅರ್ಧವೂ ವಿಪರೀತವೇ. ವಸೂಲಿಗೆ ಬಂದು ಮರ್ಯಾದೆ ತೆಗೆಯುವವರ ಮೇಲೆ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ಪೊಲೀಸರಿಗೆ ದೂರು ಕೊಡಬಹುದು.

— ಸಂಘದ ಸದಸ್ಯೆ, ಭಾಲ್ಕಿ

ತಂಗಿ, ನಾನು ಬ್ಯಾಂಕಿನಿಂದ ನಿವೃತ್ತನಾದವನು. ಆದರೂ ನಿಮ್ಮನ್ನು ಅಂಚೆ ಕಚೇರಿಗೆ ಕಳಿಸುತ್ತೇನೆ.

ಅಲ್ಲಿ ಆರ್‌ಡಿ (ತಿಂಗಳ ಕಂತಿನ ಠೇವಣಿ) ತಿಂಗಳಿಗೆ 100 ರೂಪಾಯಿಯಿಂದ ಶುರು, 5 ವರ್ಷದ್ದು. ತೆರೆದ ದಿನ ಇದ್ದ ಬಡ್ಡಿ ಕೊನೆಯವರೆಗೂ ಅದೇ. 6.7% ಇರುವಾಗ ತಿಂಗಳಿಗೆ 300 ಕಟ್ಟುವ ಖಾತೆ ತೆರೆದರೆ 18,000 ಕಟ್ಟಿ ಸುಮಾರು 21,400 ಪಡೆಯುತ್ತೀರಿ. ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇನೆ. ನನಗೆ ಇಷ್ಟವಾಗೋದು ಅದರ ದಂಡದ ನಿಯಮ. ಒಂದು ತಿಂಗಳು ತಪ್ಪಿದರೆ 100ಕ್ಕೆ 1 ರೂಪಾಯಿ ದಂಡ. ಅಂದರೆ ನಿಮ್ಮ 300ಕ್ಕೆ 3 ರೂಪಾಯಿ. ಅಷ್ಟು ಕೊಟ್ಟು ಮುಂದಿನ ತಿಂಗಳು ಮತ್ತೆ ಕಟ್ಟುತ್ತಾ ಹೋಗೋದು, ಯುಗಾದಿಗೆ ಕಾಯುವ ಅಗತ್ಯ ಇಲ್ಲ. ನಾಲ್ಕು ಕಂತು ತಪ್ಪಿದರೆ ಮಾತ್ರ ಖಾತೆ ನಿಲ್ಲುತ್ತದೆ, ಆಗಲೂ ಎರಡು ತಿಂಗಳೊಳಗೆ ಹೋಗಿ ಚಾಲೂ ಮಾಡಿಸಬಹುದು. 12 ಕಂತು ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದಷ್ಟು ಸಾಲವೂ ಸಿಗುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂತ ಕೈಸಾಲ ತರೋದಕ್ಕಿಂತ ಇದು ಎಷ್ಟೋ ವಾಸಿ. ಆ ಮೂರು ರೂಪಾಯಿ ವರ್ಷಕ್ಕೆ 36% ಆಗುತ್ತದೆ ಅನ್ನೋದನ್ನು ತುಂಬಾ ಜನ ಲೆಕ್ಕ ಹಾಕೋದೇ ಇಲ್ಲ.

ಇದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ಮನೆಯವರು ದಿನವಿಡೀ ರಸ್ತೆ ಮೇಲಿರುವವರು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಜೀವನ್ ಜ್ಯೋತಿ 436 ರೂಪಾಯಿ, ಯಾವ ಕಾರಣಕ್ಕೆ ಸಾವು ಬಂದರೂ 2 ಲಕ್ಷ, 50 ದಾಟುವ ಮೊದಲು ಸೇರಬೇಕು. ಎರಡೂ ಮೇ ಕೊನೆಗೆ ಖಾತೆಯಿಂದ ತಾನೇ ಕಡಿತ ಆಗುತ್ತವೆ. ಆ ಹೊತ್ತಿಗೆ ಖಾತೆ ಖಾಲಿ ಇದ್ದರೆ ವಿಮೆ ಮುಂದುವರಿಯೋದಿಲ್ಲ, ಇದೇ ನಮ್ಮ ಕಡೆ ಜಾಸ್ತಿ ಆಗೋದು. ಗೃಹಲಕ್ಷ್ಮಿಯ 2,000 ನಿಮ್ಮ ಅತ್ತೆಯವರ ಹೆಸರಿಗೆ ಬರುತ್ತಿದ್ದರೆ ಅದನ್ನು ತಿಂಗಳ ಆದಾಯ ಅಂತ ಹಿಡಿಯಬೇಡಿ. ಕೆಲವೊಮ್ಮೆ ತಡವಾಗಿ ಕೂಡಿಕೊಂಡು ಬರುತ್ತದೆ. ಬಂದಾಗ ಜೂನ್ ಖರ್ಚಿಗೆ ಇಡಿ. ಅವರ ಔಷಧಿಗೆ ಕೊಟ್ಟ ಮೇಲೆ, ಅವರು ಒಪ್ಪಿದರೆ.

— ನಿವೃತ್ತ ಬ್ಯಾಂಕ್ ನೌಕರ, ಹುಮನಾಬಾದ್

ಅಕ್ಕಾ, ಎಲ್ಲರೂ ದುಡ್ಡಿನ ಬಗ್ಗೆ ಬರೆಯುತ್ತಾರೆ ಅಂತ ಗೊತ್ತು. ನಾನು ಶುಗರ್ ಬಗ್ಗೆ ಬರೆಯುತ್ತೇನೆ, ಯಾಕಂದರೆ ನಿಮ್ಮ ಪಟ್ಟಿಯಲ್ಲಿ ತಪ್ಪಿದರೆ ನಿಜವಾಗಿ ದುಬಾರಿ ಆಗೋದು ಅದೊಂದೇ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಸುತ್ತೋದು ಚೆಂದ. ಆದರೆ ರೊಟ್ಟಿ ಬಡಿದು, ಮಕ್ಕಳ ಜಡೆ ಹಾಕಿ, ಡಬ್ಬಿ ಕಟ್ಟುವವರು ಯಾರು? ಅದಕ್ಕೇ ಅದು ನಿಲ್ಲುತ್ತದೆ. ಶಾಲೆಯಿಂದ ಬರುವಾಗ ಎರಡು ಸ್ಟಾಪ್ ಮೊದಲೇ ಇಳಿದುಬಿಡಿ, ಬಸ್ಸು ಹೇಗೂ ಪುಕ್ಕಟೆ. ಏಪ್ರಿಲ್-ಮೇ ಬಿಸಿಲಲ್ಲಿ ಮಾತ್ರ ಬೇಡ. ಆಗ ರಾತ್ರಿ ಊಟ ಆದ ಮೇಲೆ ಓಣಿಯಲ್ಲಿ ಅರ್ಧ ತಾಸು, ಮಕ್ಕಳೂ ಜೊತೆಗೆ ಬರುತ್ತಾರೆ. ಜೋಳದ ರೊಟ್ಟಿ ಅಂತ ಆರು ತಿನ್ನಬೇಡಿ. ಪುಂಡಿ ಪಲ್ಯ, ಬ್ಯಾಳಿ ಜಾಸ್ತಿ ಮಾಡಿ ರೊಟ್ಟಿ ಕಡಿಮೆ ಮಾಡಿ. ಇದಕ್ಕೆ ಹೊಸ ಬೂಟೂ ಬೇಡ, ಡ್ರೆಸ್ಸೂ ಬೇಡ.

— ನರ್ಸ್, ಸುರಪುರ

ನಾನು ಕಿರಾಣಿ ಅಂಗಡಿಯವನು, ಉದ್ರಿ ಪುಸ್ತಕದ ಆ ಕಡೆ ಕೂರುವವನು. ಜನವರಿಯಲ್ಲಿ ಉದ್ರಿ ಬಂದ್ ಅಂತ ಹೇಳಿಹೋದವರು ಫೆಬ್ರವರಿ 20ಕ್ಕೆ ಮುಖ ತಗ್ಗಿಸಿ ಬರುತ್ತಾರೆ. ಒಂದೇ ಏಟಿಗೆ ಬಂದ್ ಮಾಡಬೇಡಿ. ಅಂಗಡಿಯವನಿಗೇ ಹೇಳಿ, ತಿಂಗಳಿಗೆ 1,500 ದಾಟಿದರೆ ಕೊಡಬೇಡ ಅಂತ. ಹೇಳಿದರೆ ನಾವು ಕೇಳುತ್ತೇವೆ, ಬಾಕಿ ಬೆಳೆಯೋದು ನಮಗೂ ಬೇಡ. ಪುಸ್ತಕ ಕೊಟ್ಟು ಮಕ್ಕಳನ್ನು ಕಳಿಸಬೇಡಿ. ಕಾಲು ಕಿಲೊ ಸಕ್ಕರೆಗೆ ಬಂದ ಹುಡುಗ ಕುರ್ಕುರೆ, ಬಿಸ್ಕತ್ತು ಬರೆಸಿಕೊಂಡು ಹೋಗುತ್ತಾನೆ, ತಿಂಗಳ ಕೊನೆಗೆ ನೀವು ನಮ್ಮ ಮೇಲೆ ಅನುಮಾನ ಪಡುತ್ತೀರಿ. ಫೋನ್‌ಪೇ ಮಾಡಿದರೆ ದುಡ್ಡು ಹೋದದ್ದು ಗೊತ್ತಾಗೋದಿಲ್ಲ ಅನ್ನುವವರು ವಾರದ ಸಂತೆಗೆ ನೋಟು ತಗೊಂಡು ಹೋಗಲಿ.

ಹಳೆ ಬಾಕಿ ಎಷ್ಟಿದೆ ಅಂತ ನೀವು ಬರೆದಿಲ್ಲ. 3,000ದ ಒಳಗಿದ್ದರೆ ತಿಂಗಳಿಗೆ 500ರಂತೆ ತೀರಿಸಿ, ಬೇರೆ ಹಾಳೆಯಲ್ಲಿ ಬರೆಸಿ. ಅದಕ್ಕಿಂತ ಜಾಸ್ತಿ ಇದ್ದರೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೋಗಿ ಕೂತು ಮಾತಾಡಿ. ಸಂಜೆ ಆರರ ಮೇಲೆ ಹೋದರೆ ಯಾವ ಅಂಗಡಿಯವನೂ ನಿಮ್ಮ ಮಾತು ಕೇಳೋದಿಲ್ಲ.

— ಕಿರಾಣಿ ವ್ಯಾಪಾರಿ, ಆಳಂದ