ಕಾಕಾ, ಮಲ್ಲಿಗೆ ಹಾರದ ಬಗ್ಗೆ ನನ್ನ ಮಾತು

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಕಾಕಾ, ಈಸ್ಟರ್ ಹಬ್ಬಕ್ಕೆ ಶಿಲುಬೆಗೆ ಮಲ್ಲಿಗೆ ಹಾರ ಹಾಕೋಣವೇ ಎಂದು ನಮ್ಮ ಹುಡುಗಿಯರು ಗುಂಪಿನಲ್ಲಿ ಕೇಳಿದ್ದರು. ಅದಕ್ಕೆ ನೀವು "ಅದು ನಮ್ಮ ಪದ್ಧತಿಯಲ್ಲ, ಬೈಬಲಿನ ಅಪೊಸ್ತಲರ ಕೃತ್ಯಗಳು 14ನೆಯ ಅಧ್ಯಾಯ ಓದಿ" ಎಂದಿರಿ. ಓದಿದೆ ಕಾಕಾ. ಮಾತು ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ಆ ಅಧ್ಯಾಯದಲ್ಲಿ, ಲುಸ್ತ್ರ ಎಂಬ ಊರಲ್ಲಿ ಗುಡಿಯ ಪೂಜಾರಿ ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದದ್ದು ಅಪೊಸ್ತಲರಾದ ಪೌಲ, ಬಾರ್ನಬರನ್ನು ದೇವರೆಂದು ಭಾವಿಸಿ ಬಲಿ ಕೊಡುವುದಕ್ಕೆ. ಅಪೊಸ್ತಲರಿಬ್ಬರು ಸಂಕಟದಿಂದ ಬಟ್ಟೆ ಹರಿದುಕೊಂಡದ್ದು ಹೂವು ಕಂಡು ಅಲ್ಲ. ದೇವರಿಗೆ ಸಲ್ಲಬೇಕಾದದ್ದು ಮನುಷ್ಯರ ಪಾಲಾಗುತ್ತಿದೆ ಎಂದು. ನಮ್ಮ ಸಭೆಗೆ ಬರುವ ಅತಿಥಿಗಳ ಕೊರಳಿಗೆ ಹಾರ ಹಾಕುತ್ತೇವಲ್ಲ, ಆ ಅಧ್ಯಾಯವನ್ನು ಮೊದಲು ಅಲ್ಲಿ ನೆನೆಯಬೇಕು. ಇನ್ನೂ ಸ್ವಲ್ಪ ಮುಂದೆ, 17ನೆಯ ವಚನಕ್ಕೆ ಬನ್ನಿ. ಮಳೆಯನ್ನೂ ಸುಗ್ಗಿಯನ್ನೂ ಕೊಟ್ಟು ಮನುಷ್ಯರ ಹೃದಯವನ್ನು ಆನಂದದಿಂದ ತುಂಬಿಸುವವನು ದೇವರೇ ಎಂದು ಅದೇ ಪೌಲ ಬಾರ್ನಬರು ಆ ಜನಕ್ಕೆ ಸಾರಿದರು. ಆ ಆನಂದದಲ್ಲಿ ಮಲ್ಲಿಗೆಗೆ ಪಾಲಿಲ್ಲವೇ?

ಸೊಲೊಮೋನನ ದೇವಾಲಯದ ಗೋಡೆಗಳಲ್ಲಿ ಅರಳಿದ ಹೂವುಗಳನ್ನು ಕೆತ್ತಿದ್ದರು. ಯೇಸುಸ್ವಾಮಿಯನ್ನು ಇಟ್ಟ ಸಮಾಧಿ ಇದ್ದದ್ದೂ ತೋಟದಲ್ಲಿ. ಎದ್ದು ಬಂದ ಕರ್ತನನ್ನು ಮಗ್ದಲದ ಮರಿಯಳು ಮೊದಲು ತೋಟಗಾರನೆಂದೇ ತಿಳಿದಳು. ಯೋಹಾನನ ಸುವಾರ್ತೆಯ ಈ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಅರಳುತ್ತದೆ.

ಮಂಗಲಪೇಟೆಯ ಮನೆಯಲ್ಲಿ ನಮ್ಮ ಅವ್ವ ಹಾರ ಕಟ್ಟುತ್ತಿದ್ದುದನ್ನು ನೀವೂ ನೋಡಿದ್ದೀರಿ. ನೆನೆಸಿದ ದಾರ, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟಿಗೆ ತೊಟ್ಟು ತಾಗಿಸಿ ಒಂದು ಸುತ್ತು, ಒಂದು ಕುಣಿಕೆ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿಹೋಗುತ್ತದೆ, ಸಡಿಲವಾದರೆ ಮೊಗ್ಗು ಜಾರುತ್ತದೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಲ್ಲಿ ಕೀರ್ತನೆ. ಅದು ಪ್ರಾರ್ಥನೆಯಲ್ಲ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ಮಕ್ಕಳು ಅರ್ಧ ತಾಸು ಮೊಬೈಲ್ ಮರೆತು ದೇವರಿಗಾಗಿ ಕೂರುವುದೂ ಸಣ್ಣ ಮಾತಲ್ಲ.

ಕ್ರಿಸ್ಮಸ್‌ಗೆ ಸೇವಂತಿಗೆ ಸಿಗುತ್ತದೆ; ಈಸ್ಟರ್ ಬರುವುದು ಬೇಸಿಗೆಯಲ್ಲಿ, ಮಲ್ಲಿಗೆಯ ಕಾಲದಲ್ಲಿ. ಮಲ್ಲಿಗೆ ಅರಳುವುದು ರಾತ್ರಿ. ಶನಿವಾರ ಸಂಜೆ ಬಿಗಿದ ಮೊಗ್ಗನ್ನು ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ, ಭಾನುವಾರ ನಸುಕಿನ ಆರಾಧನೆಗೆ ಹಾರವೆಲ್ಲ ಅರಳಿರುತ್ತದೆ, ಬಾಗಿಲಲ್ಲೇ ಪರಿಮಳ ಬರುತ್ತದೆ. ಪುನರುತ್ಥಾನದ ಬೆಳಗಿಗೆ ಇದಕ್ಕಿಂತ ಒಪ್ಪುವ ಅಲಂಕಾರ ಬೀದರ್‌ನಲ್ಲಿ ನನಗೆ ತಿಳಿದಿಲ್ಲ. ಪ್ಲಾಸ್ಟಿಕ್ ಹೂವು ಮಾತ್ರ ಬೇಡವೇ ಬೇಡ.

ಸಭಾಪಾಲಕರನ್ನು ಕೇಳಿಯೇ ಹಾಕೋಣ. ಹೂವು ನಾನು ತರುತ್ತೇನೆ, ಹುಡುಗಿಯರು ಶನಿವಾರ ಐದಕ್ಕೆ ನಮ್ಮ ಮನೆಗೆ ಬರಲಿ. ನೀವು ಕಾಕಿಯವರನ್ನು ಕರೆದುಕೊಂಡು ಬನ್ನಿ; ಅವರಷ್ಟು ಒತ್ತಾಗಿ ಕಟ್ಟುವವರು ನಮ್ಮಲ್ಲಿ ಯಾರೂ ಇಲ್ಲ. ಶಿಲುಬೆ ಎತ್ತರದಲ್ಲಿದೆ, ನಿಮ್ಮ ಮನೆಯ ಏಣಿಯೂ ಬೇಕಾಗುತ್ತದೆ.