‘ಆಸ್ತಿಗೆ ಬಾಧ್ಯರು’ ಅಂದರೆ ಯಾರು? ಸ್ವಯಂಸೇವಕರ ಪತ್ರದಲ್ಲಿ ಸಿಕ್ಕಿಕೊಂಡ ಕೆಲವು ಪದಗಳು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮುಂಬಯಿ ಉಪನಗರದ ಒಂದು ಕನ್ನಡ ಸಂಘದಲ್ಲಿ ಭಾನುವಾರದ ಕನ್ನಡ ತರಗತಿ, ವಾಚನಾಲಯ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಶಿಬಿರ, ಈ ಮೂರೂ ಸಂಬಳವಿಲ್ಲದೆ ದುಡಿಯುವವರಿಂದಲೇ ನಡೆಯುತ್ತವೆ. ಅವರ ಹಕ್ಕೇನು, ಸಂಘದ ಪಾಲಿನ ಕೆಲಸವೇನು ಎಂದು ಒಂದೇ ಪುಟದಲ್ಲಿ ಬರೆದು ಇಬ್ಬರ ಸಹಿ ಹಾಕಿಸಬೇಕಾಗಿದೆ. ಕರಡು ಮೊದಲು ಇಂಗ್ಲಿಷಿನಲ್ಲಿತ್ತು, ಆಮೇಲೆ ಮರಾಠಿಗೆ ಹೋಯಿತು, ಕೊನೆಗೆ ಕನ್ನಡಕ್ಕೆ ಬಂದಾಗ ‘ಸ್ವಯಂಸೇವಕರ ಹಕ್ಕುಬಾಧ್ಯತೆಗಳು’ ಎಂಬ ತಲೆಬರಹದ ಕೆಳಗೆ ಹೀಗೆ ಇಳಿದಿದೆ:

“ಆತಿಥೇಯ ಸಂಸ್ಥೆಯು ಸ್ವಯಂಸೇವಕರಿಗೆ ಸೂಕ್ತ ಮಾನಧನ ನೀಡತಕ್ಕದ್ದು. ಸ್ವಯಂಸೇವಕರು ಸಂಸ್ಥೆಯ ಆಸ್ತಿಪಾಸ್ತಿಗೆ ಬಾಧ್ಯರಾಗಿರತಕ್ಕದ್ದು.”

ಎರಡನೆಯ ವಾಕ್ಯ ಓದಿದ ಸಮಿತಿಯ ಹಿರಿಯರೊಬ್ಬರು, “ಹಾಗಾದರೆ ಸಂಘದ ಕಟ್ಟಡ ಇವರ ಹೆಸರಿಗೆ ಹೋಗುತ್ತದಾ?” ಎಂದು ಕೇಳಿದ್ದಾರೆ. ಅವರ ಅನುಮಾನ ಸರಿಯೇ? ‘ಆತಿಥೇಯ ಸಂಸ್ಥೆ’, ‘ಮಾನಧನ’ ನಡೆಯುತ್ತವೆಯೇ? ಹೊಣೆ, ಜವಾಬ್ದಾರಿ, ಕರ್ತವ್ಯ ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು? ಪತ್ರವನ್ನು ಕರಾರು ಎನ್ನೋಣವೇ, ಒಪ್ಪಂದ ಎನ್ನೋಣವೇ?

ಉತ್ತರ:

ನಮಸ್ಕಾರ. ಹಿರಿಯರ ಅನುಮಾನ ಸರಿಯಾಗಿಯೇ ಇದೆ. ‘ಬಾಧ್ಯ’ಕ್ಕೆ ಕನ್ನಡದಲ್ಲಿ ಎರಡು ಮುಖ. ‘ಆಸ್ತಿ ಮತ್ತು ಬಾಧ್ಯತೆಗಳು’ ಎಂದು ಜಮಾಖರ್ಚಿನಲ್ಲಿ ಬರೆದಾಗ ಅದು ತೀರಿಸಬೇಕಾದ ಋಣ. ‘ತಂದೆಯ ಆಸ್ತಿಗೆ ಬಾಧ್ಯರು’ ಎಂದಾಗ ಪಡೆಯಲು ಹಕ್ಕುಳ್ಳ ವಾರಸುದಾರರು. ಕ್ರಯಪತ್ರದ ‘ಇತರರಿಗೆ ಯಾವ ಹಕ್ಕುಬಾಧ್ಯತೆಯೂ ಇರುವುದಿಲ್ಲ’ ಎಂಬ ಸಾಲಿನಲ್ಲಿ ಬಾಧ್ಯತೆ ಹಕ್ಕಿನ ಜೋಡಿಯೇ ಹೊರತು ಅದರ ಎದುರಾಳಿಯಲ್ಲ. ಕರ್ನಾಟಕ ವಿಧಾನಮಂಡಲದ ಹಕ್ಕುಬಾಧ್ಯತಾ ಸಮಿತಿ ನೋಡುವುದು ಶಾಸಕರ ವಿಶೇಷ ಹಕ್ಕುಗಳನ್ನು, ಅವರ ಕರ್ತವ್ಯಗಳನ್ನಲ್ಲ. ಆದ್ದರಿಂದ ನಿಮ್ಮ ತಲೆಬರಹವನ್ನು ಓದಿದವರಿಗೆ ಪುಟದ ತುಂಬ ಹಕ್ಕುಗಳೇ ಇವೆ ಎನ್ನಿಸುತ್ತದೆ. ‘ಆಸ್ತಿಪಾಸ್ತಿಗೆ ಬಾಧ್ಯರು’ ಅಂತೂ ವಾಚನಾಲಯದ ಕಪಾಟು ನೋಡಿಕೊಳ್ಳುವವರನ್ನು ಅದರ ಒಡೆಯರನ್ನಾಗಿ ಮಾಡುತ್ತದೆ. ‘ಹಕ್ಕುಗಳು ಮತ್ತು ಹೊಣೆಗಳು’ ಎಂದು ಬಿಡಿಸಿ ಬರೆದರೆ ಗೊಂದಲವಿಲ್ಲ.

ಹೊಣೆ, ಜವಾಬ್ದಾರಿ ಎರಡನ್ನೂ ದಿನಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತೇವೆ, ತಪ್ಪೇನಿಲ್ಲ. ಸಹಿ ಹಾಕುವ ಕಾಗದದಲ್ಲಿ ಮಾತ್ರ ಬೇರೆ ಮಾಡುವುದು ಲಾಭ. ಹೊಣೆಯ ಹಳೆಯ ಅರ್ಥ ಜಾಮೀನು. ಹೊಣೆಗಾರ ಎಂದರೆ ಇನ್ನೊಬ್ಬ ತಪ್ಪಿದರೆ ತಾನು ತೆರುತ್ತೇನೆ ಎಂದು ನಿಂತವನು. ಜವಾಬ್ದಾರಿಯೊಳಗೆ ಇರುವುದು ಜವಾಬು, ಅಂದರೆ ಕೇಳಿದಾಗ ಉತ್ತರ ಹೇಳಬೇಕಾದ ಸ್ಥಾನ. ಹಾಗಾಗಿ ಕೆಲಸಕ್ಕೆ ಜವಾಬ್ದಾರಿ, ನಷ್ಟಕ್ಕೆ ಹೊಣೆ ಎಂದು ಗೆರೆ ಎಳೆದುಕೊಳ್ಳಿ. “ಶಿಬಿರದಲ್ಲಿ ಹೆಸರು ನೋಂದಾಯಿಸುವ ಜವಾಬ್ದಾರಿ ಸ್ವಯಂಸೇವಕರದು. ಬಾಡಿಗೆಗೆ ತಂದ ಲ್ಯಾಪ್‌ಟಾಪ್ ಕೆಟ್ಟರೆ ಹೊಣೆ ಸಂಘದ್ದು.” ಈ ಗೆರೆ ಇಲ್ಲದೆ ‘ಸಂಪೂರ್ಣ ಜವಾಬ್ದಾರಿ ಸ್ವಯಂಸೇವಕರದು’ ಎಂದು ಬರೆದ ಕಡೆಯಲ್ಲೆಲ್ಲ ಜಗಳ ಹುಟ್ಟುವುದು ಒಂದೇ ಬಗೆಯಲ್ಲಿ: ಪುಸ್ತಕ ಕಳೆದಾಗ ಸಂಘ ದುಡ್ಡು ಕೇಳುತ್ತದೆ, ಸ್ವಯಂಸೇವಕ ‘ನೋಡಿಕೊಳ್ಳುತ್ತೇನೆ ಅಂದಿದ್ದೆ, ತುಂಬಿಕೊಡುತ್ತೇನೆ ಅಂದಿರಲಿಲ್ಲ’ ಎನ್ನುತ್ತಾನೆ. ಇಬ್ಬರ ಓದೂ ಸರಿ! ನಷ್ಟವನ್ನೂ ಒಂದೇ ಮುದ್ದೆಯಾಗಿ ಬಿಡಬೇಡಿ. ಬಳಕೆಯಿಂದಾದ ಸವೆತ, ಕಳವು, ನಿರ್ಲಕ್ಷ್ಯ ಮೂರನ್ನೂ ಬೇರೆಬೇರೆ ಹೆಸರಿಸಿ. ಮೊದಲೆರಡಕ್ಕೆ ಸಂಘವೇ ಹೊಣೆ ಎಂದು ಸ್ಪಷ್ಟವಾಗಿ ಬರೆದರೆ ಮೂರನೆಯದರ ಬಗ್ಗೆ ಮಾತಾಡಲು ಮುಖ ಇರುತ್ತದೆ.

ಕರ್ತವ್ಯ ಇಲ್ಲಿ ಬೇಡ. 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದ ಮೇಲೆ ಆ ಪದಕ್ಕೆ ನಾಗರಿಕನ ಧರ್ಮ ಎಂಬ ಭಾರ ಬಂದಿದೆ. ಬೀಗದ ಕೈ ಹಿಂದಿರುಗಿಸುವುದಕ್ಕೆ ಅಷ್ಟು ದೊಡ್ಡ ಮಾತು ಬೇಕಿಲ್ಲ.

ಇನ್ನು ‘ಮಾನಧನ’. ಇದು ನಿಮ್ಮ ಮರಾಠಿ ಕರಡಿನಿಂದ ಉಳಿದುಕೊಂಡದ್ದು. ಮರಾಠಿಯಲ್ಲಿ ಅದಕ್ಕೆ ಗೌರವಾರ್ಥ ಕೊಡುವ ಹಣ ಎಂಬ ಅರ್ಥ, ನಮ್ಮ ಗೌರವಧನದಂತೆ. ಕನ್ನಡದ ಕಿವಿಗೆ ಮಾನಧನ, ಅಭಿಮಾನಧನ ಅಂದರೆ ಮಾನವನ್ನೇ ಸಂಪತ್ತಾಗಿ ಉಳ್ಳವನು, ಹಣದ ಮುಖ ನೋಡದವನು. ಸಂಸ್ಕೃತದ ಅದೇ ಸಮಾಸ, ಗಡಿ ದಾಟಿದರೆ ಅರ್ಥ ತಲೆಕೆಳಗು. ಮುಂಬಯಿ ಕನ್ನಡದಲ್ಲಿ ಇದು ಮಾತಿನಲ್ಲಿ ಸಲೀಸಾಗಿ ನಡೆಯುತ್ತದೆ ನಿಜ, ಬರಹದಲ್ಲಿ ಗೌರವಧನ ಎನ್ನಿ.

ಆದರೆ ಮೊದಲು ಕೇಳಿಕೊಳ್ಳಬೇಕಾದ್ದು ಸಂಘ ಕೊಡುತ್ತಿರುವುದು ಗೌರವಧನವೇ ಎಂದು. ಕಲ್ಯಾಣದಿಂದ ಮುಲುಂಡಿಗೆ ಲೋಕಲ್‌ನಲ್ಲಿ ಬಂದು ಪಾಠ ಹೇಳಿ ಹೋಗುವವರಿಗೆ ಟಿಕೆಟ್ ಮತ್ತು ರಿಕ್ಷಾ ದುಡ್ಡು ಕೊಟ್ಟರೆ ಅದು ಖರ್ಚು ವಾಪಸು, ಮರಾಠಿಯವರು ಪದರ್‌ಮೋಡ್ ಎನ್ನುವ ಕೈಯಿಂದ ಹಾಕಿದ ಹಣದ ಭರ್ತಿ. ತಿಂಗಳು ತಿಂಗಳು ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೆ, ಹೆಸರು ಏನೇ ಇಡಲಿ, ಅದು ಸಂಬಳದ ಕಡೆಗೆ ವಾಲುತ್ತದೆ. ಇದು ಬರೀ ಪದದ ವಾದವಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ ಸರ್ಕಾರ ಕೊಡುವುದು ‘ಗೌರವಧನ’ ಮಾತ್ರ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ 1972ರ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ಅದೂ ವೇತನವೇ ಎಂದಿತು, ಅವರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ಕೊಟ್ಟಿತು. ಭಾನುವಾರ ಎರಡು ಗಂಟೆ ಪಾಠ ಹೇಳುವವರ ಸಂಗತಿ ಅದಲ್ಲ, ಆದರೂ ಗೌರವಧನ ಎಂದು ಕರೆದಾಕ್ಷಣ ಅದು ವೇತನವಲ್ಲ ಎಂದಾಗುವುದಿಲ್ಲ.

ಆದ್ದರಿಂದ ಪತ್ರದಲ್ಲಿ ‘ಖರ್ಚು ವಾಪಸು’ ಎಂದೇ ಬರೆದು ಅದರ ಕ್ರಮ ಹೇಳಿ: ದಿನಾಂಕ, ಎಲ್ಲಿಂದ ಎಲ್ಲಿಗೆ, ಮೊತ್ತ, ಟಿಕೆಟ್ ಅಥವಾ ಬಿಲ್ಲು, ಪಡೆದವರ ಸಹಿ, ಮಂಜೂರು ಮಾಡಿದವರ ಸಹಿ. ಮಂಜೂರು ಮಾಡುವವರೂ ಹಣ ಎಣಿಸಿಕೊಡುವವರೂ ಒಬ್ಬರೇ ಆಗಬಾರದು. ತಿಂಗಳ ಪಾಸ್ ಇದ್ದವರು ರೈಲಿನ ಖರ್ಚು ಕೇಳುವಂತಿಲ್ಲ, ರಿಕ್ಷಾ ಮಾತ್ರ ಎಂಬುದನ್ನೂ ಮೊದಲೇ ಬರೆಯಿರಿ, ಸಣ್ಣ ಮನಸ್ತಾಪಗಳು ಇಂಥಲ್ಲೇ ಶುರುವಾಗುವುದು. ಒಂದೇ ರಸೀದಿಯಲ್ಲಿ 5000 ರೂಪಾಯಿಗಿಂತ ಹೆಚ್ಚು ನಗದು ಪಡೆದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಬೇಕು.

ಏನನ್ನೂ ಕೊಡದಿದ್ದರೆ? ಅದಕ್ಕೆ ‘ಬಿಟ್ಟಿ ಸೇವೆ’ ಎಂದು ಮಾತ್ರ ಬರೆಯಬೇಡಿ. ಈಗ ಬಿಟ್ಟಿ ಅಂದರೆ ಪುಕ್ಕಟೆ, ಆದರೆ ಪದ ಬಂದದ್ದು ಸಂಸ್ಕೃತದ ವಿಷ್ಟಿಯಿಂದ, ಹಿಂದೆ ಅರಸನಿಗೋ ಊರ ಗೌಡನಿಗೋ ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ದುಡಿಮೆ. ಬಿಟ್ಟಿ ಬೇಗಾರಿ ಎಂಬ ಜೋಡಿಪದ ಉತ್ತರ ಕರ್ನಾಟಕದಲ್ಲಿ ಇನ್ನೂ ಬದುಕಿದೆ. ಸಂವಿಧಾನದ 23ನೇ ವಿಧಿ ನಿಷೇಧಿಸಿರುವುದು ಇದನ್ನೇ. ‘ಸಂಬಳವಿಲ್ಲದ’ ಎಂದರೆ ಸಾಕು.

‘ಆತಿಥೇಯ ಸಂಸ್ಥೆ’ ನನಗೆ ಹಿಡಿಸದ ಪದ. ಆತಿಥೇಯ ಇದ್ದ ಮೇಲೆ ಎದುರಿಗೆ ಅತಿಥಿ ಇರಲೇಬೇಕು. ಅತಿಥಿಗೆ ಕಾಫಿ, ಉಪ್ಪಿಟ್ಟು ಕೊಟ್ಟು ಬೀಳ್ಕೊಟ್ಟರೆ ಸತ್ಕಾರ ಮುಗಿಯಿತು. ಸ್ವಯಂಸೇವಕರಿಗೆ ಸಂಘ ಕೊಡಬೇಕಾದ್ದು ಬೇರೆ: ಕೆಲಸ ಏನೆಂದು ಮೊದಲೇ ಹೇಳಿಕೊಡುವುದು, ಬೇಕಾದ ಸಾಮಾನು, ಸುರಕ್ಷಿತ ಜಾಗ, ಸಂಶಯ ಬಂದರೆ ಕೇಳಲು ಒಬ್ಬ ಗೊತ್ತಾದ ವ್ಯಕ್ತಿ, ದೂರು ಕೊಡಲು ಆ ವ್ಯಕ್ತಿಯಲ್ಲದ ಇನ್ನೊಬ್ಬರು. ಕ್ರಿಕೆಟ್ ಸುದ್ದಿಯ ಆತಿಥೇಯ ತಂಡ ಸರಿ, ಪರದೇಶದ ವಿದ್ಯಾರ್ಥಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಆತಿಥೇಯ ಕುಟುಂಬವೂ ಸರಿ. ನಿಮ್ಮ ಪತ್ರದಲ್ಲಿರುವುದು ಒಂದೇ ಸಂಸ್ಥೆ, ‘ಸಂಘ’ ಎಂದರೆ ಮುಗಿಯಿತು. ಎರಡು ಸಂಸ್ಥೆಗಳಿದ್ದಾಗ ಮಾತ್ರ ಪದ ಬೇಕಾಗುತ್ತದೆ. ಉದಾಹರಣೆಗೆ 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು. ಕಾಲೇಜು ನಿಮ್ಮ ಶಿಬಿರಕ್ಕೆ ಹುಡುಗರನ್ನು ಕಳಿಸಿದರೆ ‘ಕಳಿಸುವ ಸಂಸ್ಥೆ’, ‘ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ’ ಎಂದು ಬರೆಯಿರಿ. ಕೇಳಲು ಒರಟು, ಆದರೆ ಹಾಜರಿ ಯಾರು ಬರೆಯಬೇಕು, ಪೆಟ್ಟಾದರೆ ಆಸ್ಪತ್ರೆಗೆ ಯಾರು ಒಯ್ಯಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಪದದಲ್ಲೇ ಸಿಗುತ್ತದೆ.

ಸ್ವಯಂಸೇವಕ ಹಾಗೇ ಇರಲಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಹುಬ್ಬಳ್ಳಿಯ ನಾ. ಸು. ಹರ್ಡೀಕರರ ಸೇವಾದಳದ ಕಾಲದಿಂದ ಕನ್ನಡದಲ್ಲಿ ಬೇರೂರಿದ ಪದ ಅದು. ಕಾರ್ಯಕರ್ತ ಎಂದರೆ ಮುಂಬಯಿಯಲ್ಲಿ ಗಣೇಶ ಮಂಡಳವೋ ಪಕ್ಷವೋ ನೆನಪಾಗುತ್ತದೆ.

ಪದದ ಆಚೆಗಿನ ಒಂದು ಮಾತು. ಸಂಬಳವಿಲ್ಲದವರು ನೌಕರರಲ್ಲ, ಆದ್ದರಿಂದ ಕಾನೂನು ಮುಟ್ಟುವುದಿಲ್ಲ ಎಂದು ಎಷ್ಟೋ ಸಮಿತಿಗಳು ನಂಬಿವೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ‘ಉದ್ಯೋಗಿ’ಯ ವ್ಯಾಖ್ಯೆಯಲ್ಲಿ ಸ್ವಯಂಪ್ರೇರಣೆಯಿಂದ ದುಡಿಯುವವರೂ ಸೇರಿದ್ದಾರೆ, ಸಂಘ, ಟ್ರಸ್ಟುಗಳೂ ಅದರ ‘ಕೆಲಸದ ಸ್ಥಳ’ದಲ್ಲಿ ಬರುತ್ತವೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಇಂಥ ದೂರು ವಿಚಾರಿಸಲು ಆಂತರಿಕ ಸಮಿತಿ ಬೇಕು. ಹಾಗಾಗಿ ‘ಸ್ವಯಂಸೇವಕರು ಉದ್ಯೋಗಿಗಳಲ್ಲ’ ಎಂದು ಒಂದೇ ಏಟಿಗೆ ಬರೆಯದೆ ‘ಸಂಬಳಕ್ಕೆ ನೇಮಕಗೊಂಡವರಲ್ಲ’ ಎಂದಿಡಿ.

ಕರಾರು ಬೇಡ, ಅದರೊಳಗೆ ಪ್ರತಿಫಲದ ವಾಸನೆ ಇದೆ. 1872ರ ಕರಾರು ಕಾಯ್ದೆಯ ಪ್ರಕಾರ ಕೆಲವು ಅಪವಾದಗಳನ್ನು ಬಿಟ್ಟರೆ ಪ್ರತಿಫಲವಿಲ್ಲದ ಒಪ್ಪಂದ ನಿಲ್ಲುವುದೂ ಇಲ್ಲ. ‘ತಿಳುವಳಿಕೆ ಪತ್ರ’ ಎಂದರೆ ಕಚೇರಿಯ ನೋಟಿಸಿನ ಹಾಗೆ ಕೇಳುತ್ತದೆ. ‘ಒಪ್ಪಿಗೆ ಪತ್ರ’ ಚೆನ್ನ. ‘ತಕ್ಕದ್ದು’ಗಳನ್ನೂ ಕಿತ್ತುಹಾಕಿ. ನಿಮ್ಮ ಎರಡು ವಾಕ್ಯ ಹೀಗಾಗಬಹುದು:

“ಸ್ವಯಂಸೇವಕರು ಕೆಲಸಕ್ಕಾಗಿ ಕೈಯಿಂದ ಮಾಡಿದ ಖರ್ಚನ್ನು, ಬಿಲ್ಲು ಕೊಟ್ಟ ಏಳು ದಿನಗಳಲ್ಲಿ ಸಂಘ ವಾಪಸು ಕೊಡುತ್ತದೆ. ಸಂಘದ ಸಾಮಾನನ್ನು ಜೋಪಾನವಾಗಿ ಬಳಸಿ, ಕೆಲಸ ಮುಗಿದ ದಿನವೇ ಹಿಂದಿರುಗಿಸುವುದು ಸ್ವಯಂಸೇವಕರ ಜವಾಬ್ದಾರಿ. ಬಳಕೆಯಿಂದಾದ ಸವೆತಕ್ಕೂ ಕಳವಿಗೂ ಅವರು ಹೊಣೆಯಲ್ಲ.”

ಮರುಪ್ರಶ್ನೆ:

ತುಂಬ ಉಪಕಾರವಾಯಿತು. ತಲೆಬರಹದಿಂದಲೇ ತಿದ್ದುತ್ತೇವೆ. ಇನ್ನೊಂದು ಉಳಿದಿದೆ. ವಾಚನಾಲಯದಲ್ಲಿ ಇಬ್ಬಿಬ್ಬರು ಎರಡೆರಡು ಗಂಟೆ ಕೂರುವುದಕ್ಕೆ ಕರಡಿನಲ್ಲಿ ‘ಸರದಿ’ ಎಂದಿದೆ. ಸರಿಯೇ?

ಉತ್ತರ:

ಸರದಿ ಎಂದರೆ ಸಾಲಿನಲ್ಲಿ ನಮ್ಮ ಬಾರಿ, ಅದಕ್ಕೆ ಹೊತ್ತಿನ ಅಳತೆ ಇಲ್ಲ. ಗಂಟೆ ಕಟ್ಟಿ ಹಂಚಿದ್ದಕ್ಕೆ ‘ಪಾಳಿ’ ಇದೆ. ಗಿರಣಿಗಳ ರಾತ್ರಿಪಾಳಿಯ ಕಾಲದಿಂದ ಮುಂಬಯಿ ಕನ್ನಡಿಗರ ಬಾಯಲ್ಲಿರುವ ಪದ, ಮರಾಠಿ ಪ್ರತಿಯಲ್ಲೂ ಅದನ್ನೇ ಇಡಬಹುದು. ಪಾಳಿಯ ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಬರಲಾಗದಿದ್ದರೆ ಬದಲಿ ಯಾರು’ ಎಂಬ ಒಂದು ಖಾನೆ ಬಿಡಿ.