ಸಾಪ್‌ವಿತ್ ಕ್ಯಾಮೆಲ್: ಮೇಲಿನ ರೆಕ್ಕೆ ಕೂರುತ್ತಲೇ ಇಲ್ಲ

ಪ್ರಶ್ನೆ: 1/72 ಅಳತೆಯ ಕ್ಯಾಮೆಲ್ (ಮೊದಲ ಮಹಾಯುದ್ಧದ ಜೋಡಿ ರೆಕ್ಕೆಯ ಬ್ರಿಟಿಷ್ ವಿಮಾನ) ಪ್ಲಾಸ್ಟಿಕ್ ಮಾದರಿ ಜೋಡಿಸುತ್ತಿದ್ದೇನೆ. ಕೆಳಗಿನ ರೆಕ್ಕೆ ಸಲೀಸಾಗಿ ಕೂತಿತು. ಮೇಲಿನದಕ್ಕೆ ಅಂಟು ಹಾಕಿ, ಅದನ್ನು ಹೊರುವ ಒಂದು ಕಡ್ಡಿ ಸರಿ ಮಾಡಿದರೆ ಇನ್ನೊಂದು ಜಾರುತ್ತದೆ, ಎರಡು ಸಲ ಬಿಚ್ಚಿದ್ದಾಯಿತು. ಇನ್ನು ರೆಕ್ಕೆಗಳ ನಡುವೆ ಬಿಗಿಯುವ ತಂತಿ ಬೇರೆ ಕಟ್ಟಬೇಕು!

ಉತ್ತರ 1: ಮೊದಲು ವಿಮಾನದ ಒಡಲ ಮೇಲಿನ, ನಡುವಿನ ನಾಲ್ಕು ಕಡ್ಡಿ ಮಾತ್ರ ಅಂಟಿಸಿ, ಒಂದು ರಾತ್ರಿ ಬಿಡಿ. ಕ್ಯಾಮೆಲ್‌ನಲ್ಲಿ ಮೇಲಿನ ರೆಕ್ಕೆ ಸಪಾಟು, ಕೆಳಗಿನದು ಮಾತ್ರ ತುದಿಯ ಕಡೆ ಮೇಲಕ್ಕೇರುತ್ತದೆ. ಎರಡನ್ನೂ ಒಂದೇ ಸಮ ಮಾಡಲು ಒತ್ತಿದರೆ ಕೆಟ್ಟಿತು. ನಾನು ಮಗಳ ಲೆಗೋ ಇಟ್ಟಿಗೆ ಆನಿಸಿ ನಿಲ್ಲಿಸುತ್ತೇನೆ.

ಉತ್ತರ 2: ಬಣ್ಣ ಮೊದಲೇ ಹೊಡೆದಿದ್ದೀರಿ ಅಲ್ವಾ? ಆಮೇಲೆ ಬ್ರಷ್ ಒಳಗೆ ಹೋಗುವುದಿಲ್ಲ. ತಂತಿಗೆ ದುಡ್ಡು ಸುರಿಯಬೇಡಿ, ಕಿಟ್ಟಿನಲ್ಲಿ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಫ್ರೇಮಿನ ತುಂಡನ್ನು ಮೇಣದಬತ್ತಿ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ತೆಳ್ಳಗೆ ಬರುತ್ತದೆ.

ಕೇಳಿದವನು: ಬಣ್ಣ ಹೊಡೆದಿಲ್ಲ. ಬಿಚ್ಚುತ್ತೇನೆ, ಮೂರನೇ ಸಲ.